ಹುಳುವಿನ ಹಾಸಿಗೆ

ಚಂದ್ರಿಕೆ ಎಂದರೆ ನಿಘಂಟಿನಲ್ಲಿ ಬೆಳದಿಂಗಳು. ಚಾಮರಾಜನಗರ, ಸಂತೇಮರಹಳ್ಳಿ, ಯಳಂದೂರು, ಕೊಳ್ಳೇಗಾಲ ಕಡೆಯ ಹಿರಿಯರಿಗೆ ಮಾತ್ರ ಅದು ಆರಡಿ ಉದ್ದ, ನಾಲ್ಕಡಿ ಅಗಲದ ಒಂದು ಬಿದಿರ ಚಾಪೆ. ಚಾಪೆಯ ಮೇಲೆ ಸೀಳಿದ ಬಿದಿರ ಪಟ್ಟಿಯನ್ನು ಸುರುಳಿಯಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ಹಣ್ಣಾದ ರೇಷ್ಮೆ ಹುಳುಗಳು ಈ ಸುರುಳಿಯ ಸಂದಿನಲ್ಲಿ ಗೂಡು ಕಟ್ಟಬೇಕು. ಊರಿನ ಬೀದಿಯುದ್ದಕ್ಕೂ ಗೋಡೆಗೆ ಒರಗಿಸಿದ ಚಂದ್ರಿಕೆಗಳ ಸಾಲು ಈ ಸೀಮೆಯಲ್ಲಿ ಒಂದು ಕಾಲಕ್ಕೆ ದಿನನಿತ್ಯದ ನೋಟವಾಗಿತ್ತು. ನೋಡುವವರ ಕಣ್ಣಿಗೆ ಬೀಳುತ್ತಿದ್ದುದು ಈ ಕೊನೆಯ ಮೂರು ದಿನಗಳ ಕೆಲಸ ಮಾತ್ರ. ಅದಕ್ಕೆ ಮುಂಚಿನ ಮೂರೂವರೆ ವಾರ ಮನೆಯೊಳಗೆ, ಅರೆಬೆಳಕಿನಲ್ಲಿ, ತಟ್ಟೆಗಳ ಮೇಲೆ ನಡೆಯುತ್ತಿದ್ದ ಬಾಳುವೆ ಹೊರಗಿನವರಿಗೆ ಕಾಣುತ್ತಿರಲಿಲ್ಲ. ಬೆಳೆ ಕೈಗೆ ಬರುವುದೋ ಬೂದಿಯಾಗುವುದೋ ಎಂಬುದು ತೀರ್ಮಾನವಾಗುತ್ತಿದ್ದುದು ಅಲ್ಲಿ. ಅದರಲ್ಲೂ ಹುಳು ಮಲಗಿದ್ದ ಹಾಸಿಗೆಯಲ್ಲಿ.

ಪೇಟೆಯ ಮನೆಗಳಲ್ಲಿ ಗಿಳಿಯನ್ನೋ ಮೊಲವನ್ನೋ ಹೊರನಾಡಿನ ಪುಟ್ಟ ಪ್ರಾಣಿಗಳನ್ನೋ ಸಾಕುವವರು ಪಂಜರದ ತಳದ ತಟ್ಟೆಗೆ ಏನು ಹಾಸಬೇಕು, ಕಾಗದವೋ ಬಟ್ಟೆಯೋ ಮರದ ಹೊಟ್ಟೋ ಎಂದು ಯೋಚಿಸುವುದುಂಟು. ಅಲ್ಲಿ ತಪ್ಪಿದರೆ ವಾಸನೆ ಬಂದೀತು, ಹೆಚ್ಚೆಂದರೆ ಪ್ರಾಣಿಗೆ ಕಾಯಿಲೆಯಾದೀತು. ಇದೇ ಪ್ರಶ್ನೆಯನ್ನು ತಲೆಮಾರುಗಳ ಕಾಲ ಹೊಟ್ಟೆಪಾಡಿನ ಪ್ರಶ್ನೆಯಾಗಿ ಕೇಳಿಕೊಂಡವರು ಚಾಮರಾಜನಗರ ಸೀಮೆಯ ರೇಷ್ಮೆ ಒಕ್ಕಲುಗಳು. ನೂರು ಮೊಟ್ಟೆ, ಅಂದರೆ ನೂರು ಚಿಟ್ಟೆಗಳಿಟ್ಟ ಮೊಟ್ಟೆಯಿಂದ ಹೊರಬರುವ ಹುಳುಗಳು ನಲವತ್ತು ಸಾವಿರಕ್ಕೆ ಕಡಿಮೆಯಿಲ್ಲ. ಇಷ್ಟು ಪ್ರಾಣಿಗಳನ್ನು ಒಂದೇ ಸೂರಿನಡಿ ಸಾಕುವವನಿಗೆ ಹಾಸಿಗೆಯೇ ಮೊದಲ ಚಿಂತೆ.

ರೇಷ್ಮೆ ಹುಳುವಿಗೆ ಪಂಜರ ಬೇಡ. ಸಾವಿರಾರು ವರ್ಷ ಮನುಷ್ಯನ ಕೈಯಲ್ಲೇ ಬೆಳೆದ ಈ ಜೀವಿಗೆ ಓಡಿಹೋಗುವ ಬುದ್ಧಿಯೇ ಇಲ್ಲ. ಸೊಪ್ಪು ಹಾಕಿದಲ್ಲಿ ತಿನ್ನುತ್ತದೆ, ತಿಂದಲ್ಲೇ ಹಿಕ್ಕೆ ಹಾಕುತ್ತದೆ, ಅಲ್ಲೇ ಮಲಗುತ್ತದೆ. ಅದರ ಚಿಟ್ಟೆಗೆ ರೆಕ್ಕೆಯಿದ್ದರೂ ಹಾರಲಾರದು. ಆದ್ದರಿಂದ ಸಾಕುವವನು ಅದನ್ನು ಕೂಡಿಹಾಕುವ ಕಷ್ಟ ಪಡಬೇಕಿಲ್ಲ. ಅದು ಎದ್ದು ಹೋಗಲಾರದ ಹಾಸಿಗೆಯನ್ನು ತಾನೇ ಮತ್ತೆ ಮತ್ತೆ ಬದಲಿಸುವ ಕಷ್ಟ ಮಾತ್ರ ತಪ್ಪಿದ್ದಲ್ಲ. ಹುಟ್ಟಿದಾಗ ನೂರು ಮೊಟ್ಟೆಯ ಹುಳುಗಳಿಗೆ ನಾಲ್ಕೈದು ಚದರ ಅಡಿ ಜಾಗ ಧಾರಾಳವಾಯಿತು. ಐದನೆಯ ಹಂತ ಮುಗಿಯುವ ಹೊತ್ತಿಗೆ 350 ಚದರ ಅಡಿಯೂ ಸಾಲದು. ಈ ಅವಧಿಯಲ್ಲಿ ಹುಳುವಿನ ತೂಕ ಸುಮಾರು ಹತ್ತು ಸಾವಿರ ಪಟ್ಟು ಏರುತ್ತದೆ. ಅವು ತಿನ್ನುವ ಒಟ್ಟು ಸೊಪ್ಪಿನ ಐದರಲ್ಲಿ ನಾಲ್ಕು ಪಾಲು ಕೊನೆಯ ಏಳೆಂಟು ದಿನಗಳಲ್ಲೇ ಖರ್ಚಾಗುತ್ತದೆ. ಹಾಸಿಗೆಯ ಕಸವೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ.

ಮೈಸೂರಿನಲ್ಲಿ ಈ ಪ್ರಶ್ನೆ ಮೊದಲು ಎದ್ದದ್ದು ಅರಮನೆಯ ಮಟ್ಟದಲ್ಲಿ ಎಂಬುದು ಸ್ವಾರಸ್ಯದ ಸಂಗತಿ. ಟಿಪ್ಪು ಸುಲ್ತಾನ್ ಬಂಗಾಳಕ್ಕೆ ಜನರನ್ನು ಕಳುಹಿಸಿ ರೇಷ್ಮೆ ಹುಳು ತರಿಸಿದ. ಅವರು ಮರಳುತ್ತಿರುವ ಸುದ್ದಿ ತಿಳಿದಾಗ, 1786ರಲ್ಲಿ, ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಅವನು ಬರೆಸಿದ ಪತ್ರ ಇಂಗ್ಲಿಷಿಗೆ ಅನುವಾದಗೊಂಡು ಉಳಿದಿದೆ. ಹುಳುಗಳನ್ನು ಎಂಥ ಜಾಗದಲ್ಲಿಡಬೇಕು ಎಂಬುದನ್ನು ತಂದವರಿಂದಲೇ ಕೇಳಿ ತಿಳಿದು ಅದರಂತೆ ಏರ್ಪಾಡು ಮಾಡಬೇಕು, ಮೇವಿಗೆ ಹಿಪ್ಪುನೇರಳೆ ಎಲೆ ಒದಗಿಸಬೇಕು ಎಂಬುದು ಅದರ ಸಾರಾಂಶ. ಯುದ್ಧಗಳ ನಡುವೆ ಇದ್ದ ದೊರೆಯೊಬ್ಬ ಹುಳುವಿನ ಬಿಡಾರದ ಬಗ್ಗೆ ವಿಚಾರಿಸಿದ್ದು ಸಣ್ಣ ಮಾತಲ್ಲ. ಹುಳು ಸಾಕಣೆ ನಿಂತದ್ದು ಮಾತ್ರ ಕೋಟೆಯೊಳಗಲ್ಲ, ರೈತನ ಮನೆಯಲ್ಲಿ.

ರೈತನ ಮನೆಯಲ್ಲಿ ಏನಿತ್ತೋ ಅದೇ ಹುಳುವಿಗೆ ಹಾಸಿಗೆಯಾಯಿತು. ಮೇದರು ಹೆಣೆದ ದುಂಡನೆಯ ಬಿದಿರ ತಟ್ಟೆ, ಅದರ ಸಂದುಗಳನ್ನು ಮುಚ್ಚಲು ಸಗಣಿಯ ಸಾರಣೆ. ಸಗಣಿ ಒಣಗಿದ ಮೇಲೆ ತಟ್ಟೆ ನಯವಾಗುತ್ತದೆ, ಸಣ್ಣ ಹುಳು ಸಂದಿಯಿಂದ ಕೆಳಗೆ ಬೀಳುವುದಿಲ್ಲ, ಸೊಪ್ಪಿನ ತೇವವನ್ನು ಅದು ಸ್ವಲ್ಪ ಮಟ್ಟಿಗೆ ಹೀರುತ್ತದೆ. ಅಟ್ಟಣೆಯಲ್ಲಿ ಒಂದರ ಮೇಲೊಂದರಂತೆ ಹತ್ತು ತಟ್ಟೆ. ಇರುವೆ ಹತ್ತದಂತೆ ಅಟ್ಟಣೆಯ ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲು. ಮನೆಯ ನಡುಮನೆಯೇ ಹುಳುಮನೆ. ಹುಳು ಐದನೆಯ ಹಂತಕ್ಕೆ ಬಂದಾಗ ಮನೆಯವರು ಜಗುಲಿಯಲ್ಲೋ ಅಂಗಳದಲ್ಲೋ ಮಲಗುತ್ತಿದ್ದರು. ರಾತ್ರಿ ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆ ಬಿದ್ದಂತೆ ಹೊರಗಿನವರೆಗೂ ಕೇಳುತ್ತಿತ್ತು.

ಬಿದಿರಿನ ಮಾತು ಬಂದಾಗ ಗುಂಡ್ಲುಪೇಟೆಯ ಕಡೆ ತಿರುಗಬೇಕು. ಬಂಡೀಪುರದ ಕಾಡು ಈ ತಾಲ್ಲೂಕಿನ ಬೆನ್ನಿಗೇ ಇದೆ. ತಟ್ಟೆ, ಚಂದ್ರಿಕೆ, ಮಂಕರಿ, ಮೊರ ಎಲ್ಲಕ್ಕೂ ಬೇಕಾದ ಬಿದಿರು ಇಂಥ ಕಾಡುಗಳಿಂದಲೇ ಬರಬೇಕು. 1973ರಲ್ಲಿ ಹುಲಿ ಯೋಜನೆ ಬಂದ ಮೇಲೆ ಕಾಡಿನ ಕಾನೂನು ಬಿಗಿಯಾಯಿತು. ಕಾಡಿಗೆ ಅದರಿಂದ ಒಳ್ಳೆಯದಾಯಿತೆಂಬುದರಲ್ಲಿ ಅನುಮಾನವಿಲ್ಲ. ಬಿದಿರನ್ನು ನಂಬಿ ಬದುಕಿದ ಮೇದರ ಕಸುಬಿಗೆ ಅದು ಸುಲಭದ ದಿನಗಳನ್ನೇನೂ ತರಲಿಲ್ಲ. ಸಗಣಿಯ ಕಥೆಯೂ ಬೇರೆ ದಾರಿ ಹಿಡಿಯಿತು. ಗುಂಡ್ಲುಪೇಟೆಯ ಕಾಡಂಚಿನ ಹಳ್ಳಿಗಳಿಂದ ಸಗಣಿ ಗೊಬ್ಬರ ಗಡಿಯಾಚೆಯ ವಯನಾಡಿನ ಕಾಫಿ ತೋಟಗಳಿಗೆ ಹೋಗತೊಡಗಿ, ಹಾಲಿಗಿಂತ ಸಗಣಿಗಾಗಿಯೇ ದನ ಸಾಕುವ ಪರಿಸ್ಥಿತಿ ಬಂದುದನ್ನು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ವಿವರಿಸಿದೆ. ಮನೆಯಲ್ಲಿ ಬೆಲೆಯಿಲ್ಲದೆ ಸಿಗುತ್ತಿದ್ದ ವಸ್ತು ಲೆಕ್ಕಕ್ಕೆ ಬಂದದ್ದು ಹೀಗೆ.

<b>ಹಾಸಿಗೆಯಲ್ಲೇ ರೋಗ</b>

ಹಾಸಿಗೆಯ ಬಗ್ಗೆ ಇಷ್ಟೊಂದು ಎಚ್ಚರ ಏಕೆ? ಹುಳುವಿಗೆ ಬರುವ ದೊಡ್ಡ ರೋಗಗಳೆಲ್ಲ ಹಾಸಿಗೆಯ ಮೂಲಕವೇ ಹರಡುತ್ತವೆ. ಹಾಲುತೊಂಡೆ ರೋಗ ಬಂದ ಹುಳುವಿನ ಚರ್ಮ ಬಿರಿದು ಹಾಲಿನಂಥ ರಸ ಸೊಪ್ಪಿನ ಮೇಲೆ ಬೀಳುತ್ತದೆ. ಆ ಸೊಪ್ಪು ತಿಂದ ಪಕ್ಕದ ಹುಳುವಿಗೂ ಅದೇ ಗತಿ. ಸುಣ್ಣಕಟ್ಟು ರೋಗದಲ್ಲಿ ಸತ್ತ ಹುಳು ಸುಣ್ಣದ ಕಡ್ಡಿಯಂತೆ ಬೆಳ್ಳಗೆ, ಗಟ್ಟಿಯಾಗುತ್ತದೆ. ಆ ಬಿಳುಪು ಶಿಲೀಂಧ್ರದ ಬೀಜಕಣಗಳದು. ತೇವದ ಹಾಸಿಗೆ ಅದಕ್ಕೆ ಹದವಾದ ಹೊಲ. ಗಂಟು ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುತ್ತದೆ, ಬಂದ ಮೇಲೆ ಹಿಕ್ಕೆಯ ಮೂಲಕ ತಟ್ಟೆಯಿಡೀ ಹಬ್ಬುತ್ತದೆ. ಇನ್ನು ತಿಂದುಳಿದ ಸೊಪ್ಪು ಮತ್ತು ಹಿಕ್ಕೆ ಸೇರಿ ಕೊಳೆಯತೊಡಗಿದರೆ ಶಾಖ ಹುಟ್ಟುತ್ತದೆ, ಕೆಟ್ಟ ಗಾಳಿ ಏಳುತ್ತದೆ, ಹುಳು ಸೊರಗಿ ಸಪ್ಪೆ ರೋಗಕ್ಕೆ ದಾರಿಯಾಗುತ್ತದೆ.

ಜಗತ್ತಿನ ವೈದ್ಯ ಚರಿತ್ರೆಯಲ್ಲೂ ಈ ಹಾಸಿಗೆಗೆ ಒಂದು ಸ್ಥಾನವಿದೆ. ಪ್ರಾಣಿಗಳ ಒಂದು ರೋಗಕ್ಕೆ ಸೂಕ್ಷ್ಮಜೀವಿ ಕಾರಣ ಎಂದು ಮೊಟ್ಟಮೊದಲು ತೋರಿಸಿಕೊಟ್ಟವನು ಇಟಲಿಯ ಅಗೊಸ್ಟಿನೊ ಬಾಸ್ಸಿ. 1835ರಲ್ಲಿ ಅವನು ಪ್ರಕಟಿಸಿದ್ದು ಈ ಸುಣ್ಣಕಟ್ಟು ರೋಗದ ಅಧ್ಯಯನವನ್ನೇ. ಮೂವತ್ತು ವರ್ಷಗಳ ನಂತರ, 1865ರಲ್ಲಿ, ಗಂಟು ರೋಗದಿಂದ ನೆಲಕಚ್ಚುತ್ತಿದ್ದ ಫ್ರಾನ್ಸಿನ ರೇಷ್ಮೆಯನ್ನು ಉಳಿಸಲು ಲೂಯಿ ಪ್ಯಾಶ್ಚರ್ ಹುಳುಮನೆಗೆ ಕಾಲಿಟ್ಟ. ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ರೋಗವಿಲ್ಲದ ಮೊಟ್ಟೆಯನ್ನಷ್ಟೇ ಉಳಿಸಿಕೊಳ್ಳುವ ಅವನ ವಿಧಾನ ಇಂದಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುತ್ತಿದೆ. ಹುಚ್ಚುನಾಯಿ ಕಡಿತಕ್ಕೆ ಮದ್ದು ಕಂಡುಹಿಡಿದವನೆಂದು ನಮ್ಮವರಿಗೆ ಪರಿಚಿತನಾದ ಪ್ಯಾಶ್ಚರ್, ಅದಕ್ಕೆ ಮೊದಲು ರೇಷ್ಮೆ ಹುಳುವಿನ ವೈದ್ಯನಾಗಿದ್ದ.

ಯೂರೋಪಿನವರು ಹಾಸಿಗೆ ಬದಲಿಸಲು ಒಂದು ಜಾಣ ಉಪಾಯ ಮಾಡಿಕೊಂಡಿದ್ದರು. ತೂತು ಕೊರೆದ ಕಾಗದವನ್ನು ಹುಳುಗಳ ಮೇಲೆ ಹರಡಿ ಅದರ ಮೇಲೆ ಹೊಸ ಸೊಪ್ಪು ಹಾಕುವುದು. ಹಸಿದ ಹುಳು ತೂತಿನ ಮೂಲಕ ಮೇಲೇರುತ್ತದೆ. ಕಾಗದವನ್ನೆತ್ತಿ ಬೇರೆ ತಟ್ಟೆಗಿಟ್ಟರೆ ಕಸ ಹಳೆಯ ತಟ್ಟೆಯಲ್ಲೇ ಉಳಿಯುತ್ತದೆ. ಜಪಾನಿನಲ್ಲಿ ಈ ಕೆಲಸಕ್ಕೆ ದಾರದ ಬಲೆ, ಹಾಸಲು ಹುಲ್ಲಿನ ಚಾಪೆ, ತೇವ ಹೀರಲು ಸುಟ್ಟ ಭತ್ತದ ಹೊಟ್ಟು. ಇಟಲಿಯ ವಿಂಚೆಂಜೊ ದಾಂಡೊಲೊ 1815ರ ತನ್ನ ಪುಸ್ತಕದಲ್ಲಿ ಹುಳುಮನೆಯ ಗಾಳಿ, ಶಾಖ, ಕಸಗಳ ಬಗ್ಗೆ ಪ್ರತಿಪಾದಿಸಿದ ಶಿಸ್ತು ಅಲ್ಲಿನ ಜಮೀನುದಾರರಿಗೆ ಬೇದವಾಕ್ಯದಂತಾಯಿತು.

ಆದರೆ ಅವರಿಗೂ ನಮಗೂ ಒಂದು ಮುಖ್ಯ ವ್ಯತ್ಯಾಸವಿದೆ. ಯೂರೋಪಿನಲ್ಲಿ ಹುಳು ಸಾಕುವುದು ಬಹುಮಟ್ಟಿಗೆ ವಸಂತದಲ್ಲಿ ಒಮ್ಮೆ. ಉಳಿದ ತಿಂಗಳೆಲ್ಲ ತಟ್ಟೆಗಳಿಗೆ ವಿಶ್ರಾಂತಿ. ಚಳಿ, ಬಿಸಿಲು, ಗಾಳಿ ತಟ್ಟಿ ರೋಗಾಣು ಎಷ್ಟೋ ಕಡಿಮೆಯಾಗುತ್ತದೆ. ಮೈಸೂರು ತಳಿಯ ಹುಳು ವರ್ಷವಿಡೀ ಹುಟ್ಟುತ್ತದೆ, ಹಿಪ್ಪುನೇರಳೆ ವರ್ಷವಿಡೀ ಚಿಗುರುತ್ತದೆ. ವರ್ಷಕ್ಕೆ ಐದಾರು ಬೆಳೆ. ಒಂದು ಬೆಳೆಯ ಕಸ ಗುಡಿಸಿ ಮುಗಿಯುವುದರೊಳಗೆ ಮುಂದಿನ ಮೊಟ್ಟೆ ಹಾಳೆ ಮನೆಗೆ ಬಂದಿರುತ್ತದೆ. ರೈತನಿಗೆ ಇದು ವರವೂ ಹೌದು, ಶಾಪವೂ ಹೌದು. ಎರಡು ತಿಂಗಳಿಗೊಮ್ಮೆ ಕೈಗೆ ಕಾಸು ಕೊಡುವ ಬೇರೆ ಬೆಳೆ ಮಳೆನೆರಳಿನ ಈ ಸೀಮೆಯಲ್ಲಿ ಇರಲಿಲ್ಲ. ಆದರೆ ರೋಗಾಣುವಿಗೂ ಇಲ್ಲಿ ರಜೆಯಿರಲಿಲ್ಲ. 1860ರ ದಶಕದಲ್ಲಿ ಸಂಸ್ಥಾನದ ಹುಳುಗಳಿಗೆ ರೋಗ ಬಂದಾಗ ಡಿ ವೆಚ್ಚಿ ಎಂಬ ಇಟಲಿಯವನು ಜಪಾನಿನಿಂದ ಮೊಟ್ಟೆ ತರಿಸಿ ಪ್ರಯತ್ನಪಟ್ಟ. ಹೊಸ ಮೊಟ್ಟೆ ಹಳೆಯ ತಟ್ಟೆಗೇ ಬಿದ್ದರೆ ಏನಾದೀತೆಂಬುದನ್ನು ಊಹಿಸಬಹುದು.

ಹಾಗೆಂದು ಹಳ್ಳಿಯವರಿಗೆ ಶುಚಿಯ ಅರಿವಿರಲಿಲ್ಲ ಎನ್ನುವಂತಿಲ್ಲ. ಹುಳುಮನೆಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ. ದೃಷ್ಟಿ ತಾಗುತ್ತದೆ ಎಂಬ ಕಾರಣ ಹೇಳುತ್ತಿದ್ದರು. ಹೊಗೆಸೊಪ್ಪು ಹಾಕುವವರು ಕೈ ತೊಳೆಯದೆ ಸೊಪ್ಪು ಮುಟ್ಟುವಂತಿರಲಿಲ್ಲ. ಕಾರಣ ಏನೇ ಹೇಳಲಿ, ಪರಿಣಾಮ ಸರಿಯಾಗಿತ್ತು: ಪಕ್ಕದ ಮನೆಯ ರೋಗ ಕಾಲಿಗಂಟಿ ಬರುವುದು ತಪ್ಪುತ್ತಿತ್ತು, ಹೊಗೆಸೊಪ್ಪಿನ ನಿಕೋಟಿನ್ ಹುಳುವಿಗೆ ನಿಜಕ್ಕೂ ವಿಷ. ಈ ಎಚ್ಚರವೆಲ್ಲ ಕೈಕೊಡುತ್ತಿದ್ದುದು ಚಂದ್ರಿಕೆಯ ವಿಷಯದಲ್ಲಿ. ಒಂದು ಚಂದ್ರಿಕೆ ಸಾವಿರ ಹುಳುವಿಗೆ ಸಾಕಾದರೆ, ನೂರು ಮೊಟ್ಟೆ ಮೇಯಿಸುವವನಿಗೆ ನಲವತ್ತು ಬೇಕು. ವರ್ಷದಲ್ಲಿ ಕೆಲವೇ ದಿನ ಕೆಲಸಕ್ಕೆ ಬರುವ ಇಷ್ಟು ಸರಂಜಾಮನ್ನು ಬಡ ಒಕ್ಕಲು ಕೊಂಡಿಡುವುದಾದರೂ ಹೇಗೆ? ಬಾಡಿಗೆಗೆ ತರುತ್ತಿದ್ದರು. ಒಬ್ಬನ ಮನೆಯ ರೋಗ ಇನ್ನೊಬ್ಬನ ಮನೆಗೆ ಚಂದ್ರಿಕೆಯ ಬೆನ್ನೇರಿ ಬರುತ್ತಿತ್ತು.

<b>ಸಗಣಿಯಿಂದ ಕಾಗದಕ್ಕೆ</b>

ಹಾಸಿಗೆಯ ಸುಧಾರಣೆ ಬಂದದ್ದು ನಿಧಾನವಾಗಿ. ಜೆಮ್‌ಷೆಟ್‌ಜಿ ಟಾಟಾ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರೇಷ್ಮೆ ತೋಟದಿಂದ ಜಪಾನಿ ಪದ್ಧತಿಗಳ ಪರಿಚಯವಾಯಿತು. ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಮಾತ್ರ ಈಗ ಉಳಿದಿದೆ. ಮುಂದೆ ಸಂಸ್ಥಾನದಲ್ಲಿ ರೇಷ್ಮೆ ಇಲಾಖೆ, ಚನ್ನಪಟ್ಟಣದ ಫಾರಂ, ಬಿತ್ತನೆ ಕೋಠಿಗಳು ಒಂದೊಂದಾಗಿ ಬಂದವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಈ ಏರ್ಪಾಡಿನ ಫಲ ದಕ್ಷಿಣದ ತಾಲ್ಲೂಕುಗಳಿಗೂ ತಲುಪಿತು. ಕೊಳ್ಳೇಗಾಲ ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರವರೆಗೆ ಗಡಿಯ ಈಚೆ ಒಂದು ಸರ್ಕಾರದ ಇಲಾಖೆ, ಆಚೆ ಇನ್ನೊಂದರದು. ಹುಳುವಿಗೆ ಮಾತ್ರ ಎರಡೂ ಕಡೆ ಒಂದೇ ತಟ್ಟೆ, ಒಂದೇ ಚಂದ್ರಿಕೆ. ಸಂತೇಮರಹಳ್ಳಿ, ಮಾಂಬಳ್ಳಿ, ಚಾಮರಾಜನಗರ, ಕೊಳ್ಳೇಗಾಲಗಳಲ್ಲಿ ನೂಲು ತೆಗೆಯುವ ಸರ್ಕಾರಿ ಫಿಲೇಚರ್‌ಗಳು ಬಂದಾಗ ಈ ಸೀಮೆ ರೇಷ್ಮೆಯ ಸೀಮೆಯೆಂದೇ ಹೆಸರಾಯಿತು.

ಇಲಾಖೆಯವರು ಹೇಳಿಕೊಟ್ಟ ಪಾಠ ಹೀಗಿತ್ತು. ಬೆಳೆ ಮುಗಿದ ಕೂಡಲೇ ತಟ್ಟೆಗಳನ್ನು ತೊಳೆದು, ಫಾರ್ಮಲಿನ್ ದ್ರಾವಣ ಸಿಂಪಡಿಸಿ, ಬಿಸಿಲಿಗಿಡಿ. ತಟ್ಟೆಯ ಮೇಲೆ ಕಾಗದ ಹಾಸಿ. ಪ್ರತಿ ಸಲ ಕಸದೊಡನೆ ಕಾಗದವನ್ನೂ ತೆಗೆದುಹಾಕಿ. ಸಗಣಿ ಸಾರಿಸಿದ ತಟ್ಟೆಯಲ್ಲಿ ಇದಾಗದು, ಔಷಧ ಸಂದಿಗೆ ಇಳಿಯುವುದಿಲ್ಲ. ಹೀಗೆ ಹಳೆಯ ದಿನಪತ್ರಿಕೆ ಹುಳುಮನೆಯನ್ನು ಪ್ರವೇಶಿಸಿತು. ಓದು ಬಾರದ ಎಷ್ಟೋ ಮನೆಗಳಿಗೆ ಪತ್ರಿಕೆ ಮೊದಲು ಬಂದದ್ದು ಹುಳುವಿನ ಹಾಸಿಗೆಯಾಗಿ, ತೂಕದ ಲೆಕ್ಕದಲ್ಲಿ.

ಒಂದೇ ಹಾಸಿಗೆ ಎಲ್ಲ ವಯಸ್ಸಿಗೂ ಹೊಂದುವುದಿಲ್ಲ ಎಂಬುದು ಈ ಪಾಠದ ಸೂಕ್ಷ್ಮ. ಚಾಕಿ ಹುಳು, ಅಂದರೆ ಮೊದಲೆರಡು ಹಂತದ ಮರಿ, ಬಹಳ ನಾಜೂಕು. ಅದಕ್ಕೆ 26ರಿಂದ 28 ಡಿಗ್ರಿ ಶಾಖವೂ ಶೇಕಡಾ 80ರಿಂದ 90ರಷ್ಟು ತೇವವೂ ಬೇಕು. ಬಿಸಿಲ ಗಾಳಿಯಲ್ಲಿ ಕತ್ತರಿಸಿದ ಎಳೆ ಸೊಪ್ಪು ಅರ್ಧ ಗಂಟೆಯಲ್ಲಿ ಬಾಡುತ್ತದೆ. ಬಾಡಿದ ಸೊಪ್ಪನ್ನು ಮರಿ ಕಚ್ಚಲಾರದು. ಆದ್ದರಿಂದ ಕೆಳಗೊಂದು, ಮೇಲೊಂದು ಮೇಣದ ಕಾಗದ, ಅಂಚಿನಲ್ಲಿ ಒದ್ದೆ ಮಾಡಿದ ಸ್ಪಂಜಿನ ಪಟ್ಟಿ. ದೊಡ್ಡ ಹುಳುವಿಗೆ ಇದೇ ಏರ್ಪಾಡು ಮೃತ್ಯು. ಅದಕ್ಕೆ 24-25 ಡಿಗ್ರಿ, ಶೇಕಡಾ 70ರ ತೇವ, ಆಡುವ ಗಾಳಿ, ಒಣ ಹಾಸಿಗೆ. ಮರಿಗೆ ತೇವ ಉಳಿಸಬೇಕು, ಬೆಳೆದದ್ದಕ್ಕೆ ತೇವ ಕಳೆಯಬೇಕು. ಈ ಎರಡರ ನಡುವಿನ ದಾಟು ತಿಳಿಯದವನ ಬೆಳೆ ಮೂರನೆಯ ಹಂತದಲ್ಲೇ ಕೆಡುತ್ತಿತ್ತು.

ನಡುವೆ ನಾಲ್ಕು ಸಲ ಹುಳು ಪೊರೆ ಬಿಡುತ್ತದೆ. ನಮ್ಮ ರೈತರು ಇದನ್ನು ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತಿತು, ಜ್ವರದಿಂದ ಎದ್ದಿತು ಎನ್ನುವ ಮಾತು ಎಷ್ಟು ಅರ್ಥಪೂರ್ಣ! ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಒಂದು ದಿನ ಕೂತ ಹುಳುವನ್ನು ಕಂಡ ಯಾರಿಗೂ ಅದು ಕಾಯಿಲೆಯಂತೆಯೇ ಕಾಣುತ್ತದೆ. ಆಗ ಮೇಣದ ಕಾಗದ ತೆಗೆದು ಹಾಸಿಗೆಯ ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಬೇಕು. ಉಳಿದ ಸೊಪ್ಪು ಒಣಗುತ್ತದೆ. ಮುಂಚೆ ಎದ್ದ ಹುಳು ಅದನ್ನು ತಿಂದು ಮುಂದೆ ಓಡದೆ ಎಲ್ಲವೂ ಒಂದೇ ಸಮ ಬೆಳೆಯುತ್ತವೆ. ಸುಣ್ಣಕಟ್ಟು ರೋಗವನ್ನು ದೂರವಿಡಲು ಹಾಸಿಗೆಗೆ ಸುಣ್ಣವನ್ನೇ ಹಾಕುವುದು ಭಾಷೆಯ ಚೇಷ್ಟೆಯಂತೆ ತೋರುತ್ತದೆ, ಆದರೆ ತೇವ ಕಳೆಯುವುದೇ ಅಲ್ಲಿನ ಗುಟ್ಟು. 1961ರಲ್ಲಿ ಆರಂಭವಾದ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಿಂದ ಮುಂದೆ ವಿಜೇತ, ಅಂಕುಶ ಮುಂತಾದ ಹಾಸಿಗೆ ಸೋಂಕುನಿವಾರಕ ಪುಡಿಗಳೂ ಬಂದವು.

ಕಸ ತೆಗೆಯುವ ಕೆಲಸಕ್ಕೆ ದಾರದ ಬಲೆ ಬಂತು. ಮರಿಗೆ ಸಣ್ಣ ಕಣ್ಣಿನದು, ದೊಡ್ಡದಕ್ಕೆ ದೊಡ್ಡ ಕಣ್ಣಿನದು. ಮೊದಲ ಹಂತದಲ್ಲಿ ಒಂದು ಸಲ, ಎರಡನೆಯದರಲ್ಲಿ ಎರಡು ಸಲ, ಮೂರನೆಯದರಲ್ಲಿ ಮೂರು ಸಲ, ಆಮೇಲೆ ದಿನವೂ. ಬಲೆಯಿಲ್ಲದ ಮನೆಗಳಲ್ಲಿ ಹುಳುಗಳನ್ನು ಕೈಯಲ್ಲೇ ಆಯ್ದು ಎತ್ತಿಡಬೇಕಿತ್ತು. ಈ ದುಡಿಮೆಯ ಬಹುಪಾಲು ಹೆಂಗಸರದು. ಸೊಪ್ಪು ಕೊಯ್ದು ತರುವವನ, ಗೂಡು ಮಾರುವವನ ಹೆಸರು ಲೆಕ್ಕದ ಪುಸ್ತಕದಲ್ಲಿರುತ್ತದೆ. ನಲವತ್ತು ಸಾವಿರ ಹುಳುವಿನ ಹಾಸಿಗೆ ಬದಲಿಸಿದ ಕೈಗಳಿಗೆ ಅಲ್ಲಿ ಅಂಕಣವಿಲ್ಲ. ತೆಗೆದ ಕಸ ತಿಪ್ಪೆಗೆ ಹೋಗಿ, ಕೊಳೆತು, ಗೊಬ್ಬರವಾಗಿ ಮತ್ತೆ ಹಿಪ್ಪುನೇರಳೆಯ ಬುಡಕ್ಕೆ ಬರುತ್ತಿತ್ತು.

1980ರಲ್ಲಿ ಈ ಕಸಕ್ಕೂ ಹೊಸ ಭಯ ಸೇರಿತು. ಬಂಗಾಳದ ಕಡೆಯಿಂದ ಬಂದ ಊಜಿ ನೊಣ ಆ ವರ್ಷ ಕರ್ನಾಟಕದಲ್ಲಿ ಕಾಣಿಸಿಕೊಂಡಿತು. ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಅದರ ಮರಿ ಹುಳುವನ್ನು ಒಳಗಿಂದ ತಿಂದು ಹೊರಬಂದು ಹಾಸಿಗೆಯ ಕಸದಲ್ಲೋ ನೆಲದ ಬಿರುಕಿನಲ್ಲೋ ಅಡಗುತ್ತದೆ. ಟಿಪ್ಪುವಿನ ಹುಳು ಬಂದ ದಿಕ್ಕಿನಿಂದಲೇ, ಎರಡು ಶತಮಾನಗಳ ನಂತರ, ಅದರ ಶತ್ರುವೂ ಬಂದಂತಾಯಿತು. ಮಣ್ಣಿನ ನೆಲದ ಮನೆಗಳು ಇದಕ್ಕೆ ಸುಲಭವಾಗಿ ತುತ್ತಾದವು. ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಕಟ್ಟಿ, ನೆಲಕ್ಕೆ ಸಿಮೆಂಟ್ ಹಾಕಿ, ಹುಳುಮನೆಯನ್ನೇ ಬೇರೆ ಕಟ್ಟಿಸಬಲ್ಲವರು ಉಳಿದರು. ನಡುಮನೆಯಲ್ಲಿ ಐವತ್ತು ಮೊಟ್ಟೆ ಮೇಯಿಸುತ್ತಿದ್ದವರು ಒಬ್ಬೊಬ್ಬರಾಗಿ ಬಿಟ್ಟರು. ಆಮೇಲೆ ಅಗ್ಗದ ಚೀನಾ ರೇಷ್ಮೆಯ ಪೆಟ್ಟು, ಬರ, ಕೊಳವೆ ಬಾವಿಯ ಜೊತೆ ಬಂದ ಅರಿಶಿನ, ಬಾಳೆ, ಕಬ್ಬಿನ ಆಸೆ ಸೇರಿಕೊಂಡವು. ಚಾಮರಾಜನಗರ 1997ರಲ್ಲಿ ಜಿಲ್ಲೆಯಾಯಿತು; ಅದಕ್ಕೆ ರೇಷ್ಮೆಯ ಹೆಸರು ತಂದ ತೋಟಗಳು ಆ ಹೊತ್ತಿಗಾಗಲೇ ಕರಗತೊಡಗಿದ್ದವು.

ಉಳಿದವರ ಮನೆಯಲ್ಲಿ ಹಾಸಿಗೆಯ ರೂಪವೇ ಬದಲಾಗಿದೆ. 1991ರಲ್ಲಿ ಜಪಾನಿನ ನೆರವಿನಿಂದ ಆರಂಭವಾದ ದ್ವಿತಳಿ ಯೋಜನೆಯ ನಂತರ ರೆಂಬೆ ಪದ್ಧತಿ ಹಬ್ಬಿತು. ಎಲೆ ಬಿಡಿಸುವ ಬದಲು ಕಡ್ಡಿ ಸಮೇತ ರೆಂಬೆಯನ್ನೇ ಉದ್ದನೆಯ ಅಂಕಣದಲ್ಲಿ ಹರಡುತ್ತಾರೆ. ಕಡ್ಡಿಗಳ ನಡುವೆ ಗಾಳಿಯಾಡುತ್ತದೆ, ಹಿಕ್ಕೆ ಕೆಳಗುದುರುತ್ತದೆ, ಹುಳು ಸದಾ ಮೇಲಿನ ಹೊಸ ರೆಂಬೆಯಲ್ಲಿರುತ್ತದೆ. ದಿನವೂ ಕಸ ತೆಗೆಯುವ ಕೆಲಸ ತಪ್ಪಿತು. ತಿಂದುಳಿದ ಕಡ್ಡಿಯೇ ಹಾಸಿಗೆಯಾಗಿದ್ದರಿಂದ ಕಾಗದ, ಬಲೆಗಳ ಖರ್ಚೂ ಇಳಿಯಿತು. ನೂರಾರು ವರ್ಷ ಏನು ಹಾಸಬೇಕೆಂದು ತಲೆ ಕೆಡಿಸಿಕೊಂಡವರಿಗೆ ಸಿಕ್ಕ ಒಳ್ಳೆಯ ಉತ್ತರ ಹಿಪ್ಪುನೇರಳೆ ಗಿಡದಲ್ಲೇ ಇತ್ತು! ಮರಿಗಳನ್ನು ಈಗ ಬಹಳ ಮಂದಿ ಮನೆಯಲ್ಲಿ ಬೆಳೆಸುವುದಿಲ್ಲ. ಚಾಕಿ ಕೇಂದ್ರದವರು ಎರಡನೆಯ ಜ್ವರದವರೆಗೆ ಸಾಕಿ, ಕಾಗದದ ಮೇಲೆ ಎಣಿಸಿ ಕೊಡುತ್ತಾರೆ. ಚಂದ್ರಿಕೆಯ ಜಾಗಕ್ಕೆ ಹಲವೆಡೆ ಪ್ಲಾಸ್ಟಿಕ್ಕಿನದು ಬಂದಿದೆ. ತೊಳೆದು ಮಡಿಸಿಟ್ಟರೆ ಮೂಲೆಯೊಂದರಲ್ಲಿ ಅಡಗುತ್ತದೆ.

ಬಿದಿರ ಚಂದ್ರಿಕೆಯನ್ನು ಒರಗಿಸಲು ಉದ್ದನೆಯ ಗೋಡೆ ಬೇಕಿತ್ತು. ರೇಷ್ಮೆ ಬಿಟ್ಟ ಮನೆಗಳಲ್ಲಿ ಅವು ಕೋಳಿಗೂಡಿನ ಮರೆಯಾಗಿ, ಹಿತ್ತಲ ಬೇಲಿಯಾಗಿ ಮುಗಿದವು. ದುಂಡನೆಯ ತಟ್ಟೆಗಳಿಗೆ ಆಯುಷ್ಯ ಸ್ವಲ್ಪ ಹೆಚ್ಚು. ಮೇಲೊಂದು ಹಳೆಯ ಪತ್ರಿಕೆ ಹಾಸಿದರೆ ಅದರ ಮೇಲೆ ಸಂಡಿಗೆ, ಮೆಣಸಿನಕಾಯಿ ಚೆನ್ನಾಗಿ ಒಣಗುತ್ತವೆ.